ಬಾರದ ನಾಯಿಗೆ ಬೆಲ್ಟು

ಇವತ್ತು ಬೆಳಿಗ್ಗೆ 6.10ಕ್ಕೆ ನಾನು ರಸ್ತೆಯಲ್ಲಿ ನಿಂತಿದ್ದೆ. ಕೈಯಲ್ಲಿ ಕೆಂಪು ಬಣ್ಣದ ನಾಯಿ ಬೆಲ್ಟು. ಬೆಲ್ಟಿನ ಆ ತುದಿಯಲ್ಲಿ ಒಂದು ಬಟ್ಟೆ ಮೊಲ. ಮೊಲಕ್ಕೆ ಒಂದೇ ಕಿವಿ.

ಪಕ್ಕದ ಮನೆಯ ಅಂಕಲ್ ವಾಕಿಂಗ್ ಮುಗಿಸಿ ಬರುತ್ತಿದ್ದರು. ನನ್ನನ್ನು ನೋಡಿದರು. ಬೆಲ್ಟು ನೋಡಿದರು. ಮೊಲ ನೋಡಿದರು. ಮತ್ತೆ ನನ್ನನ್ನು ನೋಡಿದರು.

"ಹುಷಾರಾಗಿದ್ದೀಯೇನಮ್ಮ?"

"ಹ್ಞೂ ಅಂಕಲ್, ನಾಯಿ ತರೋಣ ಅಂತಿದ್ದೀವಿ" ಅಂದೆ. ಅದು ಅವರ ಪ್ರಶ್ನೆಗೆ ಉತ್ತರವೇ ಅಲ್ಲ ಅಂತ ಹೇಳಿದ ಮೇಲೆ ಗೊತ್ತಾಯಿತು. ಅವರು ತಲೆಯಾಡಿಸಿ, ರಸ್ತೆ ದಾಟಿ ಆ ಬದಿಯಲ್ಲಿ ನಡೆದುಕೊಂಡು ಹೋದರು. ಅವರ ಗೇಟು ಇರುವುದು ಈ ಬದಿಗೆ.

ಈಗ ಗಂಟೆ ಹನ್ನೊಂದು. ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯಲು ಕೂತೆ.

ಮಕ್ಕಳಿರುವ ಮನೆಯಲ್ಲಿ ಇದೆಲ್ಲ ಹೇಗೆ ಶುರುವಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮಗಳಿಗೆ ಏಳು ವರ್ಷ. ಕ್ಲಾಸಿನಲ್ಲಿ ಅವಳ ಪಕ್ಕ ಕೂರುವ ಹುಡುಗಿಯ ಮನೆಗೆ ನಾಯಿಮರಿ ಬಂತು. ಅವತ್ತಿನಿಂದ ಇವಳಿಗೆ ಊಟ ಸೇರುವುದಿಲ್ಲ. ಮಗನಿಗೆ ಮೂರು. ಅವನಿಗೆ ನಾಯಿಯೇ ಆಗಬೇಕು ಅಂತೇನಿಲ್ಲ, ಎಳೆಯಲು ಬಾಲ ಇದ್ದರೆ ಸಾಕು. ನಾನು "ನೋಡೋಣ" ಅಂದೆ. ಅಮ್ಮಂದಿರು "ನೋಡೋಣ" ಅಂದರೆ "ಇಲ್ಲ" ಅಂತ ಅರ್ಥ. ಇದು ಮಕ್ಕಳಿಗೆ ಗೊತ್ತು. ಮಕ್ಕಳ ಅಪ್ಪನಿಗೆ ಗೊತ್ತಿಲ್ಲ.

ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ನಮ್ಮನೆಯವರು ಮರುದಿನವೇ ಕುಲಾವಿ ಹೊತ್ತುಕೊಂಡು ಬಂದರು. ಒಂದು ಬೆಲ್ಟು, ಎರಡು ಸ್ಟೀಲ್ ಬಟ್ಟಲು, ಮೆತ್ತಗೆ ದುಂಡಗಿರುವ ಒಂದು ಹಾಸಿಗೆ. "ಯಾವ ನಾಯಿರೀ?" ಅಂದೆ. "ಚಿಕ್ಕದು" ಅಂದರು. ಚಿಕ್ಕ ಮಕ್ಕಳಿಗೆ ಚಿಕ್ಕ ನಾಯಿ. ಮಗುವಿನ ಅಳತೆ ನೋಡಿ ಅಂಗಿ ತಂದ ಹಾಗೆ.

ಅಲ್ಲಿಂದ ಶುರುವಾಯಿತು ನಮ್ಮನೆಯಲ್ಲಿ ಅಂತೆಗಳ ಕಾಲ.

ರಾತ್ರಿ ಹತ್ತು ಗಂಟೆ. ಮಕ್ಕಳು ಮಲಗಿರುತ್ತಾರೆ. ನಾನು ಅಡುಗೆಮನೆ ದೀಪ ಆರಿಸಿ ಬಂದು ದಿಂಬಿಗೆ ತಲೆ ಕೊಟ್ಟಿರುತ್ತೇನೆ. ಪಕ್ಕದಲ್ಲಿ ಮೊಬೈಲಿನ ಬೆಳಕು. ಆ ಬೆಳಕಿನೊಳಗಿಂದ ಒಂದು ದನಿ. "ಕೇಳಿಲ್ಲಿ. ಚಿವಾವಾ ಅಂತ ಒಂದಿದೆಯಂತೆ. ಪ್ರಪಂಚದಲ್ಲೇ ಚಿಕ್ಕ ತಳಿಯಂತೆ. ಮೂರು ಕೆಜಿನೂ ಇರಲ್ವಂತೆ. ಮೆಕ್ಸಿಕೋದ್ದಂತೆ." ಮೊದಲ ದಿನ ಅದನ್ನು ಅಕ್ಷರ ಅಕ್ಷರ ಕೂಡಿಸಿ "ಚಿಹುವಾಹುವಾ" ಅಂತ ಓದಿದ್ದರು. ನಾನು ಸೀನು ಬಂತೇನೋ ಅಂದುಕೊಂಡು ಬೆಡ್‌ಶೀಟ್ ಹೊದಿಸಿದ್ದೆ.

ಇವರು ಮಾಮೂಲಿಯಾಗಿ ಹೀಗೆ ಮಾತಾಡುವವರಲ್ಲ. ಆಫೀಸಿನ ವಿಷಯ ಹೇಳುವಾಗ ಎಲ್ಲ ಖಡಾಖಂಡಿತ. ನಾಯಿ ವಿಷಯ ಬಂದರೆ ಮಾತ್ರ ಪ್ರತಿ ಮಾತಿನ ಕೊನೆಗೂ ಒಂದು "ಅಂತೆ" ಬಾಲದ ಹಾಗೆ ಅಲ್ಲಾಡುತ್ತದೆ. ಅದರಲ್ಲಿ ಅವರಿಗೆ ಒಂದು ಅನುಕೂಲವೂ ಇದೆ. ನಾಳೆ ಸುಳ್ಳು ಅಂತಾದರೆ ಅವರು ಹೇಳಿದ್ದಲ್ಲ. ಯಾರೋ ಹೇಳಿದ್ದು. ಒಂದು ರಾತ್ರಿ ನಿದ್ದೆ ಬರದೆ ಎಣಿಸಿದೆ. ಮೊಬೈಲ್ ಆರುವ ಹೊತ್ತಿಗೆ 41 ಅಂತೆ ಆಗಿದ್ದವು. ಕತ್ತಲಾದ ಮೇಲೂ ಇನ್ನೊಂದು ಕೇಳಿಸಿದ ಹಾಗಾಯಿತು. ಅದು ಗೊರಕೆ.

ಮರುದಿನದ ನಾಯಿ ಡ್ಯಾಶ್‌ಹಂಡ್. ಅದನ್ನು ಹೇಗೆ ಉಚ್ಚರಿಸಬೇಕು ಅನ್ನುವುದಕ್ಕೇ ಅರ್ಧ ಗಂಟೆ ಹೋಯಿತು. ಜರ್ಮನ್ ಹೆಸರಂತೆ. ಬ್ಯಾಜರ್ ಅಂತ ಬಿಲದಲ್ಲಿರುವ ಪ್ರಾಣಿಯಂತೆ, ಅದನ್ನು ಹಿಡಿಯಲೆಂದೇ ಈ ಉದ್ದ ಮೈ, ಗಿಡ್ಡ ಕಾಲಿನ ನಾಯಿಯನ್ನು ಬೆಳೆಸಿದ್ದಂತೆ. ನಮ್ಮ ಸೋಫಾದ ಕೆಳಗೆ ಹೋದ ಚೆಂಡು, ಪೆನ್ಸಿಲ್, ರಿಮೋಟು ಎಲ್ಲ ಹೊರಗೆ ತಂದುಕೊಡುತ್ತದೆ. ಈ ಕೊನೆಯ ಮಾತಿಗೆ ಅಂತೆ ಇರಲಿಲ್ಲ, ಗಮನಿಸಿ. ಅದು ಇವರ ಸ್ವಂತ ಸಂಶೋಧನೆ.

ನಾನೂ ಸುಮ್ನೆ ಇರುವವಳಲ್ಲ. ಹಗಲು ಹೊತ್ತು ನಾನೂ ಓದಿದೆ. ಆ ಉದ್ದ ಬೆನ್ನೇ ಆ ನಾಯಿಯ ಕಷ್ಟ. ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿದರೆ ಹಿಂಗಾಲುಗಳ ಬಲವೇ ಹೋಗಬಹುದು. ಸೋಫಾದಿಂದ ಜಿಗಿಯಲು ಬಿಡಬಾರದು. ಎತ್ತುವಾಗ ಎದೆಗೆ ಒಂದು ಕೈ, ಹಿಂಭಾಗಕ್ಕೆ ಒಂದು ಕೈ ಕೊಟ್ಟು ಬೆನ್ನು ನೆಟ್ಟಗಿರುವ ಹಾಗೆ ಎತ್ತಬೇಕು. ನಮ್ಮ ಮಗ ಯಾವುದನ್ನೇ ಎತ್ತಲಿ, ಮೊದಲು ಕೈಗೆ ಸಿಕ್ಕ ಭಾಗ ಹಿಡಿದು ಎತ್ತುತ್ತಾನೆ. ಚಪ್ಪಲಿ, ಪಕ್ಕದ ಬೀದಿಯ ಬೆಕ್ಕು, ಅಕ್ಕನ ಜಡೆ, ಎಲ್ಲಕ್ಕೂ ಒಂದೇ ನಿಯಮ.

ಪಗ್‌ ಬಂದ ರಾತ್ರಿ ಸ್ವಲ್ಪ ಜಗಳವೇ ಆಯಿತು. ಚಪ್ಪಟೆ ಮುಖ, ಮೂಗಿಗೆ ಸರಿಯಾಗಿ ಗಾಳಿ ಆಡುವುದಿಲ್ಲ, ಬಿಸಿಲು ತಡೆಯುವುದಿಲ್ಲ, ಕಣ್ಣು ಗುಡ್ಡೆ ಹೊರಗೆ ಬಂದ ಹಾಗಿರುವುದರಿಂದ ಬೇಗ ಪೆಟ್ಟಾಗುತ್ತದೆ ಅಂತ ನಾನು ಹೇಳುತ್ತಿದ್ದೆ. ಇವರಿಗೆ ಅದ್ಯಾವುದೂ ಕೇಳಿಸಲಿಲ್ಲ. "ಗೊರಕೆ ಹೊಡೆಯುತ್ತಂತೆ ಕಣೇ, ಮನುಷ್ಯರ ಹಾಗೇನೇ!" ಅಂದರು, ಮುಖ ಅರಳಿಸಿಕೊಂಡು. ನನ್ನ ಒಂದು ಕಿವಿಗೆ ಹನ್ನೊಂದು ವರ್ಷದಿಂದ ಆ ಭಾಗ್ಯ ಇದೆ. ಇನ್ನೊಂದು ಕಿವಿಗಾದರೂ ಬಿಡುವು ಬೇಡವೇ?

ಜ್ಯಾಕ್ ರಸೆಲ್ ಟೆರಿಯರ್ ಬಗ್ಗೆ ಮಾತು ಬೇಗ ಮುಗಿಯಿತು. ಇಂಗ್ಲೆಂಡಿನಲ್ಲಿ 19ನೇ ಶತಮಾನದಲ್ಲಿ ಜಾನ್ ರಸೆಲ್ ಅಂತ ಒಬ್ಬ ಪಾದ್ರಿ ನರಿ ಬೇಟೆಗೆ ಬೆಳೆಸಿದ ನಾಯಿಗಳ ವಂಶವಂತೆ. ಹಗಲಿಡೀ ಓಡುತ್ತದೆ, ನೆಗೆಯುತ್ತದೆ, ಅಗೆಯುತ್ತದೆ. ಅಂಥದ್ದು ಮನೆಯಲ್ಲಿ ಆಗಲೇ ಒಂದಿದೆ, ವಯಸ್ಸು ಮೂರು ಅಂದೆ. ಶಿಟ್ಸು ಮಗಳ ಆಯ್ಕೆ. ಆ ಹೆಸರಿಗೆ ಸಿಂಹನಾಯಿ ಅಂತ ಅರ್ಥ, ಅದರ ಕೂದಲಿಗೆ ರಿಬ್ಬನ್ ಕಟ್ಟಬಹುದು. ಬಿಟ್ಟರೆ ನೆಲ ಮುಟ್ಟುವ ಕೂದಲು, ದಿನಾ ಬಾಚದಿದ್ದರೆ ಗಂಟು. ಈ ಹುಡುಗಿ ತನ್ನ ತಲೆ ಬಾಚಿಸಿಕೊಳ್ಳಬೇಕಲ್ಲ ಅಂತ ಬೆಳಿಗ್ಗೆ ಮಂಚದ ಕೆಳಗೆ ಅಡಗುತ್ತಾಳೆ. ಇಬ್ಬರನ್ನೂ ಅಲ್ಲಿಂದ ಎಳೆಯುವುದು ಯಾರು?

ಇವರು ನನ್ನನ್ನು ಗೆದ್ದೇಬಿಟ್ಟೆ ಅಂದುಕೊಂಡದ್ದು ಪಾಮೇರಿಯನ್ ರಾತ್ರಿ. ಹತ್ತಿ ಉಂಡೆಯಂಥ ನಾಯಿ, ತೂಕ ಮೂರು ಕೆಜಿ ಆಸುಪಾಸು. ಮೂಳೆ ಸಣ್ಣ, ಬಿದ್ದರೆ ಮುರಿಯುತ್ತೆ ಅಂತ ನಾನು ಬಾಯಿ ತೆರೆಯುವ ಮೊದಲೇ ಇವರು ಎದ್ದು ಕೂತರು.

"1912ರಲ್ಲಿ ಟೈಟಾನಿಕ್ ಮುಳುಗಿತಲ್ಲ, ಅದರಿಂದ ಮೂರೇ ನಾಯಿ ಬದುಕಿ ಬಂದದ್ದಂತೆ. ಅದರಲ್ಲಿ ಎರಡು ಪಾಮೇರಿಯನ್ನಂತೆ! ಅಂಥ ಹಡಗು ಮುಳುಗಿದಾಗಲೇ ಬದುಕಿದ ನಾಯಿ ನಿನ್ನ ಮಗನ ಕೈಲಿ ಬದುಕಲ್ವಾ?"

"ರೀ, ಆ ಹಡಗಿಗೆ ಹಿಮಗಡ್ಡೆ ಬಡಿದದ್ದು ಒಂದೇ ಸಲ" ಅಂದೆ. "ನಮ್ಮನೇಲಿ ದಿನಾ ಬಡಿಯುತ್ತೆ."

ಕೊನೆಗೆ ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆವು. ನಾಯಿ ಇಲ್ಲದೆ ಬಂದ ಮೊದಲ ಮನೆಯವರು ನಾವೇ ಇರಬೇಕು. ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. ಇವರು ಅಲ್ಲಿಯೂ ಅಂತೆ, ಅಂತೆ ಅಂತ ಒಂದೊಂದೇ ತಳಿ ಬಿಚ್ಚಿಟ್ಟರು. ಅಷ್ಟರಲ್ಲಿ ಮಗ ಅವರ ಸ್ಟೆತಸ್ಕೋಪಿನ ಒಂದು ತುದಿ ಹಿಡಿದು ಜೋತಾಡಿದ್ದ, ಹತ್ತಿಯ ಡಬ್ಬ ಬೋರಲು ಹಾಕಿದ್ದ, ನಾಯಿಗಳನ್ನು ತೂಗುವ ತೂಕದ ಮೇಲೆ ಹತ್ತಿ ನಿಂತಿದ್ದ. ಡಾಕ್ಟರಮ್ಮ ಅತ್ತ ಬಗ್ಗಿ ನೋಡಿದರು.

"14 ಕೆಜಿ" ಅಂದರು. "ನೀವು ಹೇಳೋ ಚಿವಾವಾದ ಐದರಷ್ಟು. ಸರ್, ನಿಮ್ಮ ತೂಕ ಎಷ್ಟು?"

"ಎಂಬತ್ತು."

"ಹಾಗಾದರೆ 400 ಕೆಜಿಯ ಮಗು ಪ್ರೀತಿಯಿಂದ ಓಡಿಬಂದು ನಿಮ್ಮ ಮೇಲೆ ಕೂತರೆ ಹೇಗಿರುತ್ತೆ ಅಂತ ಯೋಚನೆ ಮಾಡಿ."

ಇವರು ಯೋಚನೆ ಮಾಡಿದರು. ಕೈ ತಾನಾಗಿಯೇ ಸೊಂಟಕ್ಕೆ ಹೋದದ್ದನ್ನು ನಾನು ನೋಡಿದೆ. ಅಲ್ಲಿಯವರೆಗೆ ನಾವು ಯಾವ ನಾಯಿ ನಮ್ಮ ಮಕ್ಕಳಿಗೆ ಏನೂ ಮಾಡುವುದಿಲ್ಲ ಅಂತ ಹುಡುಕುತ್ತಿದ್ದೆವು. ನಮ್ಮ ಮಕ್ಕಳು ಯಾವ ನಾಯಿಗೆ ಏನು ಮಾಡಬಹುದು ಅಂತ ಒಬ್ಬರೂ ಕೇಳಿರಲಿಲ್ಲ.

ಡಾಕ್ಟರಮ್ಮ ಆಮೇಲೆ ಹೇಳಿದ ಯಾವ ಮಾತಿಗೂ ಅಂತೆ ಇರಲಿಲ್ಲ. ಕೇಳಲು ಎಷ್ಟು ಹಾಯೆನಿಸಿತು! ತೀರಾ ಪುಟ್ಟ ನಾಯಿ ಬೇಡ, ಚಿಕ್ಕವನಿಗೆ ಐದಾರು ವರ್ಷ ಆಗುವವರೆಗೆ. ಬೇಕೇ ಬೇಕು ಅಂದರೆ ಬೀಗಲ್‌ನಂಥ ಗಟ್ಟಿಮುಟ್ಟಾದದ್ದು ನೋಡಿ, ಹತ್ತು ಕೆಜಿ ಹತ್ತಿರ ಬರುತ್ತೆ. ಕ್ಯಾವಲಿಯರ್ ಸ್ಪೇನಿಯಲ್ ಬಹಳ ಮೆತ್ತಗಿನ ಸ್ವಭಾವದ್ದು, ಆದರೆ ಹೃದಯದ ತೊಂದರೆ ಆ ತಳಿಗೆ ಜಾಸ್ತಿ. ಬರೀ ತಳಿ ನೋಡಬೇಡಿ, ಮರಿಯ ತಾಯಿ ಹೇಗಿದೆ ನೋಡಿ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಸ್ವಭಾವ ಗೊತ್ತಿರುವ, ಬೆಳೆದ ನಾಯಿಯಾದರೆ ಇನ್ನೂ ಒಳ್ಳೇದು. ಯಾವ ನಾಯಿಯೇ ಆಗಲಿ, ಮೂರು ವರ್ಷದ ಮಗುವಿನ ಜೊತೆ ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ. ಮಗು ತಬ್ಬಿಕೊಂಡಾಗ ನಾಯಿ ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ಆಕಳಿಸಿದರೆ ಅದು ಮುದ್ದು ಅಲ್ಲ, "ಸಾಕು, ಬಿಡಿ" ಅಂತ ಹೇಳುತ್ತಿದೆ.

ನಾನು ಬೆಳಗಿನಿಂದ ರಾತ್ರಿಯವರೆಗೆ ಮಾಡುವುದೂ ಆ ಮೂರೇ. ನಮ್ಮನೆಯಲ್ಲಿ ಯಾರಿಗೂ ಇದುವರೆಗೆ ಅರ್ಥವಾಗಿಲ್ಲ.

ಹೊರಡುವಾಗ ಡಾಕ್ಟರಮ್ಮ ಒಂದು ಮಾತು ಸೇರಿಸಿದರು. ಅದೇ ಎಡವಟ್ಟಾಯಿತು. "ಮೊದಲು ಎರಡು ವಾರ, ನಾಯಿ ಇದೆ ಅಂದುಕೊಂಡು ಬೆಳಿಗ್ಗೆ ಎದ್ದು ನೋಡಿ."

ಮಗಳು ಅದನ್ನು ಅಕ್ಷರಶಃ ಹಿಡಿದುಕೊಂಡಳು. ಕ್ಯಾಲೆಂಡರಿನಲ್ಲಿ 14 ಮನೆ ಕೊರೆದಳು. ದಿನಾ ಆರು ಗಂಟೆಗೆ ವಾಕಿಂಗ್, ಒಂದು ದಿನ ತಪ್ಪಿದರೂ ಮತ್ತೆ ಒಂದರಿಂದ ಎಣಿಕೆ. ನಾಯಿಯ ಜಾಗಕ್ಕೆ ಅವಳ ಹಳೇ ಬಟ್ಟೆ ಮೊಲವನ್ನು ನೇಮಿಸಲಾಯಿತು. ಮೊದಲ ಮೂರು ದಿನ ಅವಳೇ ಹೋದಳು, ಅಪ್ಪನ ಕೈ ಹಿಡಿದುಕೊಂಡು. ಆಮೇಲೆ ಎರಡು ದಿನ ಅಪ್ಪ ಒಬ್ಬರೇ ಹೋದರು, ಮೊಲವನ್ನು ಜೇಬಿನಲ್ಲಿ ಇಟ್ಟುಕೊಂಡು, ಬರೀ ತಲೆ ಹೊರಗೆ. ಆರನೇ ದಿನ ಅಪ್ಪನಿಗೆ ಶೀತ. ಏಳನೇ ದಿನ ಅಪ್ಪನಿಗೆ ಮೀಟಿಂಗ್. ಎಂಟನೇ ದಿನ ಕಾರಣ ಕೊಡುವ ಶ್ರಮವನ್ನೂ ಯಾರೂ ತೆಗೆದುಕೊಳ್ಳಲಿಲ್ಲ. ಅಲಾರಂ ಹೊಡೆಯಿತು, ಮೂರು ಮೈಗಳು ಆ ಕಡೆಗೆ ಹೊರಳಿದವು, ನಾನು ಎದ್ದೆ.

ಮೊಲದ ಕಥೆ ಕೇಳಬೇಡಿ. ಎರಡನೇ ದಿನ ಬಕೆಟ್ಟಿನಲ್ಲಿ ಮುಳುಗಿತ್ತು. ನಾಲ್ಕನೇ ದಿನ ಸೋಫಾದ ಮೇಲಿಂದ ಹಾರಿತು, ಹಾರಿಸಲಾಯಿತು ಅನ್ನಬೇಕು. ಐದನೇ ದಿನ ಮಗ ಅದರ ಮೇಲೆ ಕೂತು ಇಡೀ ಕಾರ್ಟೂನ್ ನೋಡಿದ. ಏಳನೇ ದಿನ ನಾನು ಅಡುಗೆಮನೆಯಲ್ಲಿದ್ದಾಗ ಅವನು ಓಡಿಬಂದು ಮುಷ್ಟಿ ಬಿಚ್ಚಿದ. ಒಳಗೆ ಒಂದು ಕಿವಿ. ಬೇರಿನ ಕಡೆ ದಾರಗಳು ನೇತಾಡುತ್ತಿದ್ದವು, ತುದಿ ಬಾಯಲ್ಲಿಟ್ಟು ಒದ್ದೆಯಾಗಿತ್ತು. "ಅಮ್ಮಾ, ಬಂತು" ಅಂದ. ಎಳೆದೆ ಅನ್ನಲಿಲ್ಲ. ತಾನಾಗಿ ಬಂತು ಅನ್ನುವ ಹಾಗೆ.

ನಾನು ಚಿಕ್ಕವಳಿದ್ದಾಗ ನಮ್ಮನೆಯಲ್ಲೂ ಒಂದು ನಾಯಿ ಇತ್ತು. ಯಾರೂ ಆರಿಸಿ ತಂದದ್ದಲ್ಲ. ಒಂದು ಮಳೆಯ ದಿನ ಬಂದು ಮೆಟ್ಟಿಲ ಮೇಲೆ ಮಲಗಿತು, ಮಳೆ ನಿಂತ ಮೇಲೂ ಹೋಗಲಿಲ್ಲ. ಬಂದವರು "ಯಾವ ಜಾತಿ?" ಅಂತ ಕೇಳಿದರೆ ಅಪ್ಪ "ನಾಯಿ ಜಾತಿ" ಅನ್ನುತ್ತಿದ್ದರು. ನಾನು ಮದುವೆಯಾಗಿ ಹೊರಟ ದಿನ ಅದು ಅದೇ ಮೆಟ್ಟಿಲ ಮೇಲಿತ್ತು, ಏಳಲು ಆಗುತ್ತಿರಲಿಲ್ಲ, ಬಾಲ ಮಾತ್ರ ಎರಡು ಸಲ ನೆಲಕ್ಕೆ ಬಡಿಯಿತು.

ಮೊನ್ನೆ ರಾತ್ರಿ ಇವರು ಮೊಬೈಲ್ ಕೆಳಗಿಟ್ಟು ಹೇಳಿದರು. "ಚಿಕ್ಕ ನಾಯಿ ಹನ್ನೆರಡು, ಹದಿನೈದು ವರ್ಷ ಬದುಕುತ್ತೆ." ಅಂತೆ ಇರಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಮಾತೂ ಇರಲಿಲ್ಲ. ನಾನು ಕತ್ತಲಲ್ಲಿ ಲೆಕ್ಕ ಹಾಕಿದೆ. ಏಳಕ್ಕೆ ಹದಿನೈದು ಕೂಡಿಸಿದರೆ ಇಪ್ಪತ್ತೆರಡು. ಮಗಳು ಆ ಹೊತ್ತಿಗೆ ಎಲ್ಲಿರುತ್ತಾಳೋ. ಮಗನೂ ಅಷ್ಟೆ. ಮುದಿ ನಾಯಿಯ ಜೊತೆ ಈ ಮನೆಯಲ್ಲಿ ಉಳಿಯುವವರು ನಾವಿಬ್ಬರೇ. ಮಕ್ಕಳ ಹೆಸರಿನಲ್ಲಿ ಈ ಮನುಷ್ಯ ಯಾರಿಗೆ ನಾಯಿ ಹುಡುಕುತ್ತಿದ್ದಾರೆ ಅಂತ ಅವತ್ತು ಅನುಮಾನ ಬಂತು. ಕೇಳೋಣ ಅಂತ ಹೊರಳಿದೆ. ಗೊರಕೆ ಶುರುವಾಗಿತ್ತು.

ಇರಲಿ. ಇವತ್ತು ಒಂಬತ್ತನೇ ದಿನ. ಒಂದೇ ಕಿವಿಯ ಬಟ್ಟೆ ಮೊಲಕ್ಕೋಸ್ಕರ ನಾನು ನಿದ್ದೆಗಣ್ಣಲ್ಲಿ ಆರಕ್ಕೆ ರಸ್ತೆಗೆ ಇಳಿಯುತ್ತೇನೆ ಅಂದರೆ, ಉಸಿರಾಡುವ ನಾಯಿ ಬಂದರೆ ನನ್ನ ಗತಿ ಏನು? ಅದೂ ಎಂಟು ವಾರದ ಮರಿಯಾದರೆ ಎರಡು ಗಂಟೆಗೊಮ್ಮೆ ಹೊರಗೆ ಕರೆದುಕೊಂಡು ಹೋಗಬೇಕು, ರಾತ್ರಿಯೂ ಏಳಬೇಕು. ಚಿಕ್ಕವನು ರಾತ್ರಿ ಏಳುವುದು ನಿಂತು ಇನ್ನೂ ಆರು ತಿಂಗಳೂ ಆಗಿಲ್ಲ. ಮನೆಗೆ ಬಂದು ನೋಡಿದರೆ ಮೊಲದ ಒಂದು ಕಣ್ಣೂ ಇಲ್ಲ, ರಸ್ತೆಯ ಮೇಲೆ ಎಳೆದದ್ದಕ್ಕೆ ಎಲ್ಲೋ ಕಿತ್ತು ಬಿದ್ದಿದೆ. ಎಲ್ಲರೂ ಮಲಗಿದ್ದರು. ಮಗ ತನ್ನ ಮಂಚ ಬಿಟ್ಟು ಇಳಿದುಬಂದು ನಾಯಿಯ ದುಂಡು ಹಾಸಿಗೆಯಲ್ಲಿ ಮುದುಡಿಕೊಂಡಿದ್ದ. ಸರಿಯಾಗಿ ಹಿಡಿಸಿತ್ತು. ಅಂತೂ ಯಾರಿಗೋ ಅಳತೆ ಸರಿಯಾಯಿತಲ್ಲ ಅಂದುಕೊಂಡೆ.

ಇಷ್ಟು ಬರೆಯುವಷ್ಟರಲ್ಲಿ ಬೆಲ್ಲಾಯಿತು. ಬಾಗಿಲು ತೆಗೆದರೆ ಪಕ್ಕದ ಮನೆಯ ಅಂಕಲ್. ಬಲಗೈ ಮುಂದೆ ಚಾಚಿದ್ದಾರೆ. ಅಂಗೈಯಲ್ಲಿ ಒಂದು ಕಪ್ಪು ಗುಂಡಿ.

"ಇದು ನಿಮ್ಮ ಮೊಲದ್ದೇನಮ್ಮ? ನಮ್ಮ ಗೇಟಿನ ಹತ್ತಿರ ಬಿದ್ದಿತ್ತು."

ನಾಚಿಕೆಯಿಂದ ತೆಗೆದುಕೊಂಡೆ. ಅವರು ಎರಡು ಮೆಟ್ಟಿಲು ಇಳಿದವರು ನಿಂತರು, ತಿರುಗಿದರು.

"ಆಮೇಲೆ, ನಾಯಿ ತರೋದಾದರೆ ಆ ಬೀಗಲ್ ಮಾತ್ರ ಬೇಡಮ್ಮ. ರಾತ್ರಿಯೆಲ್ಲ ಊಳಿಡುತ್ತಂತೆ."