ಮಗನನ್ನು ಮರೆತದ್ದು ಹೇಗೆ?

ಮನೆಮಂದಿಯೆಲ್ಲ ಸೇರಿ ಕ್ರಿಸ್ಮಸ್ ಕಾಮಿಡಿ ನೋಡುವಾಗ ಒಬ್ಬರಾದರೂ ಅರ್ಧ ಗಂಟೆ ತಡವಾಗಿ ಬಂದು, ಸೋಫಾದ ಮೂಲೆ ಹಿಡಿದು, "ಅಲ್ಲ, ಹೆತ್ತ ಮಗನನ್ನೇ ಮರೆತು ಹೋಗೋದು ಅಂದ್ರೆ ಹೇಗೆ?" ಎಂದು ಕೇಳಿಯೇ ಕೇಳುತ್ತಾರೆ. 1990ರ 'ಹೋಮ್ ಅಲೋನ್'ಗೆ ಈ ಪ್ರಶ್ನೆ ಹಾಕುವುದು ಅನ್ಯಾಯ. ಚಿತ್ರಕಥೆ ಬರೆದ ಜಾನ್ ಹ್ಯೂಸ್ ಆರಂಭದಲ್ಲಿ ಹೆಣೆದದ್ದೆಲ್ಲ ಆ 'ಹೇಗೆ'ಗೇ. ಊಟದ ಗಲಾಟೆಯಲ್ಲಿ ಹಾಲು ಚೆಲ್ಲುತ್ತದೆ. ಒರೆಸಿದ ಕಾಗದದ ಜೊತೆ, ಮನೆಮಂದಿ ಪ್ರವಾಸದ ಭರದಲ್ಲಿ ಮರೆತು ಹೋಗುವ ಮಗ ಕೆವಿನ್‌ನ ವಿಮಾನದ ಟಿಕೆಟ್ಟೂ ಕಸದ ಬುಟ್ಟಿ ಸೇರುತ್ತದೆ. ರಾತ್ರಿ ಗಾಳಿಗೆ ಕೊಂಬೆ ಮುರಿದು ಕರೆಂಟ್ ಹೋಗಿ ಅಲಾರಂ ಕೈಕೊಡುತ್ತದೆ. ಬೆಳಿಗ್ಗೆ ತಲೆ ಎಣಿಸುವಾಗ ನೆರೆಮನೆಯ ತರಲೆ ಹುಡುಗನೂ ಲೆಕ್ಕಕ್ಕೆ ಸೇರಿಬಿಡುತ್ತಾನೆ. ಇಷ್ಟನ್ನು ನೋಡದವರಿಗೆ ಮುಂದಿನದು ಬರೀ ಇಬ್ಬರು ಕಳ್ಳರು ಪೆಟ್ಟು ತಿನ್ನುವ ಸಿನಿಮಾ.

ತಮಾಷೆಯೆಂದರೆ, ಮನೆಯಲ್ಲಿ ಎಲ್ಲ ಎಡವಟ್ಟೂ ಆಗುವುದು ಇದೇ ಮೊದಲ ಇಪ್ಪತ್ತು ನಿಮಿಷದಲ್ಲಿ. ಮೊದಲು ಸೌಂಡ್. ಮಾತು ಪಿಸುಗುಟ್ಟಿದಂತೆ ಕೇಳುತ್ತದೆ, ವಾಲ್ಯೂಮ್ ಏರಿಸುತ್ತೀರಿ, ಅಷ್ಟರಲ್ಲಿ ಯಾರೋ ಮೆಟ್ಟಿಲಿನಿಂದ ಉರುಳುತ್ತಾರೆ, ಮಲಗಿದ್ದ ಮಗು ಎದ್ದು ಕೂರುತ್ತದೆ. ದೋಷ ಕಿವಿಯದಲ್ಲ. 5.1 ಧ್ವನಿಯಲ್ಲಿ, ಅಂದರೆ ಸುತ್ತಲಿನ ಐದು ಸ್ಪೀಕರಿಗೂ ಒಂದು ಬಾಸ್ ಸ್ಪೀಕರಿಗೂ ಹಂಚಿದ ಧ್ವನಿಯಲ್ಲಿ, ಸಂಭಾಷಣೆಯ ಬಹುಪಾಲು ನಡುವಿನ ಸ್ಪೀಕರಿಗೆ ಮೀಸಲು. ಟಿವಿಯಲ್ಲಿ ಇರುವುದು ಸಾಮಾನ್ಯವಾಗಿ ಎಡ, ಬಲ ಎರಡೇ. ಅಷ್ಟನ್ನೂ ಎರಡಕ್ಕೆ ತುರುಕಿದಾಗ ಸೊರಗುವುದು ಮಾತು. ಆ್ಯಪ್‌ನಲ್ಲಿ ಸ್ಟೀರಿಯೊ (ಎಡ-ಬಲ ಎರಡೇ ಸ್ಪೀಕರಿನ) ಆಡಿಯೋ ಇದ್ದರೆ ಅದನ್ನು ಆರಿಸಿ, ಇಲ್ಲವೇ ಟಿವಿಯ ನೈಟ್ ಮೋಡ್ ಹಾಕಿ. ಅದು ಜೋರು ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಎತ್ತುತ್ತದೆ.

ಆಮೇಲೆ ಮೋಷನ್ ಸ್ಮೂದಿಂಗ್. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಟಿವಿ ತನ್ನ ಕಡೆಯಿಂದ ಇನ್ನಷ್ಟು ಫ್ರೇಮ್ ಸೃಷ್ಟಿಸಿ ನಡುವೆ ಸೇರಿಸುತ್ತದೆ. ಜಾರಿ ಬೀಳುವ ಕಳ್ಳ ಧಾರಾವಾಹಿಯ ಅತ್ತೆಯಂತೆ ನಯವಾಗಿ ಬೀಳುತ್ತಾನೆ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಸಿನಿಮಾ ಮೋಡ್‌ಗೆ ಬದಲಿಸಿ. ಕೆಲವು ಟಿವಿಗಳಲ್ಲಿ ಪಿಡುಗು ಅಲ್ಲಿಗೆ ತೊಲಗುತ್ತದೆ.

ಸಬ್‌ಟೈಟಲ್ ಬೇಕೇ ಎಂಬ ಜಗಳ ಬೇರೆ. ಓದುವವರು ಜೋಕಿಗೆ ಮುಂಚೆ ನಗುತ್ತಾರೆ, ಕೇಳುವವರು ಅವರ ನಗುವಿನಲ್ಲಿ ಜೋಕನ್ನೇ ಕಳೆದುಕೊಳ್ಳುತ್ತಾರೆ. ಗುಂಪು ದೊಡ್ಡದಾದರೆ ಕಣ್ಣಿಗೇ ನಗು ತರಿಸುವ ಸಿನಿಮಾ ವಾಸಿ. 2003ರ 'ಎಲ್ಫ್' ಅಂಥದ್ದು. ನಾಯಕ ನಟ ವಿಲ್ ಫೆರೆಲ್ ಎಲ್ಫ್‌ಗಳ, ಅಂದರೆ ಸಾಂಟಾನ ಕುಳ್ಳ ಸಹಾಯಕರ ನಡುವೆ ದೈತ್ಯನಂತೆ ಕಾಣುವ ಆಟದಲ್ಲಿ ಹಳೇ ಕಾಲದ ಕಣ್ಕಟ್ಟಿದೆ: ಅವರನ್ನು ಕ್ಯಾಮೆರಾಕ್ಕೆ ಹತ್ತಿರ, ಉಳಿದವರನ್ನು ದೂರ ಕೂರಿಸಿ, ಎರಡು ಅಳತೆಯ ಸೆಟ್ಟನ್ನು ಒಂದೇ ಎಂಬಂತೆ ತೋರಿಸಿದ್ದಾರೆ. ದೀಪದ ಸರ ಹಾಕುವ ಉತ್ಸಾಹಿಗಳಿಗೆ 1989ರ 'ಕ್ರಿಸ್ಮಸ್ ವೆಕೇಶನ್' ಕಡ್ಡಾಯ. ಮನೆಯಜಮಾನ 25,000 ಬಲ್ಬ್ ಹಾಕಿ, ಒಂದೂ ಹತ್ತದೆ, ತಲೆ ಚಚ್ಚಿಕೊಳ್ಳುತ್ತಾನೆ. ತೊಂದರೆಯೆಲ್ಲ ಒಳಗಿನ ಒಂದು ಸ್ವಿಚ್ಚಿನದು. ನಿಮ್ಮ ಸರವನ್ನು ಟಿವಿಯ ಎದುರುಗೋಡೆಗೆ ಮಾತ್ರ ಕಟ್ಟಬೇಡಿ, ಕತ್ತಲ ದೃಶ್ಯದಲ್ಲೆಲ್ಲ ಅದೇ ಮಿನುಗುತ್ತದೆ.

ಪೋಸ್ಟರಿನಲ್ಲಿ ಕೆಂಪು ಟೋಪಿ ಇದ್ದ ಮಾತ್ರಕ್ಕೆ ಮಕ್ಕಳ ಚಿತ್ರವಲ್ಲ. 'ಬ್ಯಾಡ್ ಸಾಂಟಾ'ದ ಸಾಂಟಾ ಕುಡುಕ, ಕಳ್ಳ, ಬಾಯಿ ಬಿಟ್ಟರೆ ಬೈಗುಳ. 'ಗ್ರೆಮ್ಲಿನ್ಸ್'ನಲ್ಲಿ ಸಾಂಟಾನನ್ನು ಇನ್ನೂ ನಂಬುವ ಮಕ್ಕಳು ಕೇಳಬಾರದ ಸಂಗತಿಯೊಂದಿದೆ. 'ಲವ್ ಆಕ್ಚುವಲಿ'ಯಲ್ಲಿ ಮುಜುಗರದ ದೃಶ್ಯ ಮುನ್ಸೂಚನೆ ಕೊಡದೆ ಬರುತ್ತದೆ. ಹಿರಿಯರು ಪಕ್ಕದಲ್ಲಿದ್ದಾರೆಂದು ಫಾರ್ವರ್ಡ್‌ಗಾಗಿ ತಡಕಾಡಿದರೆ ಹೆಬ್ಬೆರಳಿಗೆ ಮೊದಲು ಸಿಗುವುದು ರಿಮೋಟಿನ ನಡುವಿನ ಬಟನ್, ಅಂದರೆ ದೃಶ್ಯವನ್ನು ಅಲ್ಲೇ ನಿಲ್ಲಿಸುವ ಪಾಜ್.