ಗುಲಾಮನ ಅಂಗಡಿಯಲ್ಲಿ ಒಂದೂವರೆ ತಾಸು

2024ರ ಜೂನ್ 4, ಲೋಕಸಭಾ ಚುನಾವಣೆ ಫಲಿತಾಂಶ ಬಂದ ದಿನ. ಆ ರಾತ್ರಿ ನಮ್ಮ ಹೈಸ್ಕೂಲ್ ಗೆಳೆಯರ ವಾಟ್ಸಾಪ್ ಗ್ರೂಪಿನಿಂದ ಹೊರಬಿದ್ದೆ. ಸುಮ್ನೆ ಬರಲಿಲ್ಲ, ಒಬ್ಬನಿಗೆ ‘ಗುಲಾಮ’ ಅಂತ ಬರೆದೇ ಬಂದೆ. ಅವನು ಎಂಟನೇ ತರಗತಿಯಿಂದ ನನ್ನ ಪಕ್ಕದಲ್ಲೇ ಕೂತವನು. ಈಗ ಹಳೇ ಹುಬ್ಬಳ್ಳಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಮೊದಲ ಕೆಟ್ಟ ಮಾತು ನನ್ನದೇ. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳೋಕೆ ಮನಸ್ಸು ಬರಲ್ಲ.

ಅವನು ಎರಡು ತಿಂಗಳಿಂದ ‘ಎನ್‌ಡಿಎ ನಾನೂರು ಸೀಟು ದಾಟ್ತೈತಿ’ ಅಂತಿದ್ದ. ನಾನು ‘ಈ ಸಲ ಬಿಜೆಪಿ ಸರ್ಕಾರನ ಬರಂಗಿಲ್ಲ’ ಅಂತಿದ್ದೆ. ಜೂನ್ 1ರ ಸಂಜೆ ಟಿವಿಯಲ್ಲಿ ಎಕ್ಸಿಟ್ ಪೋಲ್ ಬಂದಾಗ ಅವನು ಕುಣಿದ. ಎಣಿಕೆ ಮುಗಿದಾಗ ಬಿಜೆಪಿಗೆ 240, ಅದರ ಮೈತ್ರಿಕೂಟ ಎನ್‌ಡಿಎಗೆ 293. ಅವನ ಲೆಕ್ಕವೂ ಸುಳ್ಳು, ನನ್ನದೂ ಸುಳ್ಳು. ಆದರೂ ಆ ರಾತ್ರಿ ಇಬ್ಬರೂ ಗೆದ್ದವರ ಹಾಗೆ ಕೂಗಾಡಿದೆವು. ನೋಡೋಕೆ ಮೂವತ್ತು ಮಂದಿ ಇದ್ದರಲ್ಲ! ಹೆಬ್ಬೆಟ್ಟಿನ ಇಮೋಜಿ ಒತ್ತುವವರು ಎರಡೂ ಕಡೆ ಒತ್ತುತ್ತಿದ್ದರು.

ಮೂರು ವಾರ ಮಾತಿಲ್ಲ. ಆಮೇಲೆ ನಮ್ಮ ಮನೆ ಮಿಕ್ಸರ್ ಕೆಟ್ಟಿತು. (ಅದೇನು ರಿಪೇರಿಗೆ ಒಯ್ಯುವಷ್ಟು ಕೆಟ್ಟಿರಲಿಲ್ಲ, ಬಿಡಿ.)

ಹೋದಾಗ ಅವನು ತಲೆ ಎತ್ತಲಿಲ್ಲ. ಎದುರಿಗೆ ಬೋರ್‌ವೆಲ್ ಮೋಟಾರ್ ಬಿಚ್ಚಿ ಇಟ್ಟಿದ್ದ. ತಾಮ್ರದ ತಂತಿಯನ್ನು ಒಂದೊಂದೇ ಸುತ್ತು ಒಳಗೆ ತೂರಿಸಿ, ಆ ಕಡೆಯಿಂದ ಎಳೆದು, ತುಟಿಯಲ್ಲೇ ಎಣಿಸುತ್ತಿದ್ದ. ಹದಿನೇಳು, ಹದಿನೆಂಟು. ಕಣ್ಣಲ್ಲೇ ಸ್ಟೂಲ್ ತೋರಿಸಿದ. ಎಡಗೈ ತೋರುಬೆರಳಿನ ಉಗುರಿನಲ್ಲಿ ಮೇ 7ರ ಮತದಾನದ ಮಸಿ ಇನ್ನೂ ಇತ್ತು. ನನ್ನ ಬೆರಳಲ್ಲೂ ಇತ್ತು.

“ಗುಲಾಮನ ಅಂಗಡಿಗೆ ಯಾಕ ಬಂದೀಪಾ?”

“ತಪ್ಪಾತು ಲೇ.”

“ಇರ್ಲಿ. ಮಿಕ್ಸರ್ ಅಲ್ಲಿ ಇಡು.”

ಕ್ಷಮೆ ಅಷ್ಟಕ್ಕೇ ಮುಗೀತು. ಆಮೇಲೆ ಮಾತಾಡಿದ್ದು ರಾಜಕೀಯವನ್ನೇ, ಒಂದೂವರೆ ತಾಸು. ಯಾರೂ ಬಿಟ್ಟುಕೊಡಲಿಲ್ಲ. ಆದರೆ ಅವನ ಜೊತೆ ವಾದ ಮಾಡೋದು ಬೇರೆ ಥರದ ಕೆಲಸ. ನಾನು ಏನಾದರೂ ಚುಚ್ಚಿದರೆ ತಕ್ಷಣ ತಿರುಗಿ ಚುಚ್ಚುವ ಹಾಗಿಲ್ಲ, ಲೆಕ್ಕ ತಪ್ಪಿದರೆ ಎಳೆದ ತಂತಿಯೆಲ್ಲ ಬಿಚ್ಚಬೇಕು. ಅವನ ಎಣಿಕೆ ಮುಗಿಯೋ ತನಕ ನಾನು ಕಾಯಬೇಕು. ಕಾಯುವಾಗ ನಾನು ಆಡಿದ ಮಾತು ನನ್ನ ಕಿವಿಯಲ್ಲೇ ಕೂತಿರುತ್ತೆ. ಎರಡು ಸಲ ಅವನು ಬಾಯಿ ತೆರೆಯುವ ಮುಂಚೆ ನಾನೇ “ಅಷ್ಟೇನಿಲ್ಲ ಬಿಡು” ಅಂದೆ.

ಗ್ರೂಪಿನಲ್ಲಿ ರಾಜ್ಯದ ಕಾಂಗ್ರೆಸ್ ಸರ್ಕಾರದ ಗ್ಯಾರಂಟಿಗಳನ್ನು ‘ಬಿಟ್ಟಿ ಭಾಗ್ಯ’ ಅಂತ ಬೈಯುತ್ತಿದ್ದವನು ಅಂಗಡಿಯಲ್ಲಿ ನಗುತ್ತಾ ಹೇಳಿದ: “ನಮ್ಮಾಕಿ ವಾರಕ್ಕೊಮ್ಮೆ ಫ್ರೀ ಬಸ್ಸಿನ್ಯಾಗ ಗದಗಿಗೆ, ತವರಮನಿಗೆ ಹೊಕ್ಕಾಳ. ಗೃಹಲಕ್ಷ್ಮಿ ಎರಡ ಸಾವಿರ ತಗೊಂಡು ಚೀಟಿ ಹಾಕ್ಯಾಳ. ನಮ್ಮನ್ಯಾಗ ಬ್ಯಾರೇನ ಪಾರ್ಟಿ ಐತಿ!” ಇದನ್ನು ಅವನು ಗ್ರೂಪಿನಲ್ಲಿ ಜನ್ಮದಲ್ಲಿ ಬರೆಯುತ್ತಿರಲಿಲ್ಲ. ನಾನೇನು ಕಡಿಮೆಯೇ? ಜೂನ್ 15ಕ್ಕೆ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಪೆಟ್ರೋಲ್ ಲೀಟರಿಗೆ 3 ರೂಪಾಯಿ ಜಾಸ್ತಿಯಾದಾಗ ನನಗೂ ಉರಿದಿತ್ತು. ಗ್ರೂಪಿನಲ್ಲಿ ಇದ್ದಿದ್ದರೆ ಅದನ್ನೂ ಸಮರ್ಥಿಸಿಕೊಂಡಿರುತ್ತಿದ್ದೆ.

ಮಹದಾಯಿ ನದಿ ನೀರಿನ ಮಾತು ಬಂದಾಗ ಮಾತ್ರ ಇಬ್ಬರದೂ ಒಂದೇ ಬೈಗುಳ. ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಬೇಕಾದ ಪಾಲು ಇನ್ನೂ ಬಂದಿಲ್ಲ. ರಾತ್ರಿ ಒಂಬತ್ತರ ಟಿವಿ ಚರ್ಚೆಯಲ್ಲಿ ಎಂಟು ಮುಖ ಒಟ್ಟಿಗೆ ಕೂಗುವಾಗ ಇದರ ಹೆಸರು ಕೇಳಿದ್ದೀರಾ? ನವಲಗುಂದ, ನರಗುಂದದ ರೈತ ಬೀದಿಗೆ ಬಂದಾಗ ಒಂದು ದಿನ ತೋರಿಸುತ್ತಾರೆ, ಅಷ್ಟೇ.

ಇನ್ನೊಂದು ನೋಡಿ. ನಮ್ಮೂರಿನ ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ 2023ರ ಏಪ್ರಿಲ್‌ನಲ್ಲಿ ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಗೆ ಹೋದರು, 2024ರ ಜನವರಿಯಲ್ಲಿ ವಾಪಸ್ ಬಂದರು, ಜೂನ್‌ನಲ್ಲಿ ಬೆಳಗಾವಿ ಸಂಸದರಾದರು. ಹೋಗಿ ಬರೋಕೆ ಅವರಿಗೆ ಒಂಬತ್ತು ತಿಂಗಳು ಸಾಕಾಯಿತು. ಅವರ ಸಲುವಾಗಿ ಜಗಳಾಡಿ ಮಾತು ಬಿಟ್ಟ ಕಾರ್ಯಕರ್ತರು ಇನ್ನೂ ಮುಖ ತಿರುವಿಕೊಂಡೇ ಓಡಾಡುತ್ತಿರಬೇಕು, ಅಲ್ವಾ?

ಗ್ರೂಪಿಗೆ ನಾನು ವಾಪಸ್ ಸೇರಿಲ್ಲ, ಸೇರೋದೂ ಇಲ್ಲ. ಟಿವಿ ಚರ್ಚೆ ನೋಡೋದನ್ನೂ ಬಿಟ್ಟಿದ್ದೇನೆ. ಆ ದಿನ ಅಂಗಡಿಯಲ್ಲಿ ಇವಿಎಂ (ಮತಯಂತ್ರ) ವಿಷಯ ಅರ್ಧಕ್ಕೆ ನಿಂತಿತ್ತು. ನಾನು ದನಿ ಏರಿಸಿದ್ದಕ್ಕೆ ಅವನು ನಲವತ್ತೊಂದೋ ನಲವತ್ತೆರಡೋ ಅಂತ ಲೆಕ್ಕ ತಪ್ಪಿದ. ತಂತಿ ಬಿಚ್ಚುತ್ತಾ ಸರೀ ಬೈದ, ಚಹಾದ ದುಡ್ಡನ್ನೂ ನನ್ನ ಕೈಯಲ್ಲೇ ಕೊಡಿಸಿದ. ಈ ಭಾನುವಾರ ಮತ್ತೆ ಹೋಗುತ್ತಿದ್ದೇನೆ. ಮಿಕ್ಸರ್ ಇನ್ನೂ ಅವನ ಹತ್ತಿರವೇ ಇದೆ. “ಇದಕ್ಕ ಏನೂ ಆಗಿಲ್ಲಲೋ, ಸುಳ್ಳಾ” ಅಂತ ನಿನ್ನೆ ಫೋನ್ ಮಾಡಿದ್ದ.