ಸ್ಪಷ್ಟನೆ: ಒಬಾಮ ಒಮ್ಮೆ ಸೋತಿದ್ದಾರೆ, ಅದೂ ದೊಡ್ಡ ಅಂತರದಲ್ಲಿ

‘ಬರಾಕ್ ಒಬಾಮ ಒಂದು ಚುನಾವಣೆಯನ್ನೂ ಸೋತವರಲ್ಲ’ ಎಂಬ ಸಾಲು ಹರಿದಾಡುತ್ತಿದೆ. ಇದು ತಪ್ಪು. 2000ದ ಮಾರ್ಚ್ 21ರಂದು ಇಲಿನಾಯ್ ರಾಜ್ಯದ 1ನೇ ಕಾಂಗ್ರೆಸ್ (ಅಮೆರಿಕ ಸಂಸತ್ತು) ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಆಗಿನ ಹಾಲಿ ಸದಸ್ಯ ಬಾಬಿ ರಷ್ ಸುಮಾರು ಶೇ 61 ಮತ ಪಡೆದರು. ಒಬಾಮ ಅವರಿಗೆ ಸಿಕ್ಕಿದ್ದು ಶೇ 30.

ಪ್ರೈಮರಿ ಎಂದರೆ ನಮ್ಮಲ್ಲಿಯಂತೆ ಹೈಕಮಾಂಡ್ ಟಿಕೆಟ್ ಹಂಚುವುದಲ್ಲ. ಮತದಾರರೇ ಮತಗಟ್ಟೆಗೆ ಹೋಗಿ ಪಕ್ಷದ ಅಭ್ಯರ್ಥಿಯನ್ನು ಆರಿಸುತ್ತಾರೆ. ಈ ಕ್ಷೇತ್ರವಿರುವ ಷಿಕಾಗೊದ ಸೌತ್ ಸೈಡ್‌ನಲ್ಲಿ ಡೆಮಾಕ್ರಟರದ್ದೇ ಮೇಲುಗೈ. ಹಾಗಾಗಿ ಅಲ್ಲಿ ಪ್ರೈಮರಿ ಗೆದ್ದರೆ ಸೀಟು ಗೆದ್ದಂತೆಯೇ.

ಒಬಾಮ ಸೋಲಿಗೆ ಕಾರಣಗಳು ಹಲವು. ರಷ್ ಆಗ 1993ರಿಂದ ಸಂಸದರಾಗಿದ್ದರು, ಮನೆಮಾತಾದ ಹೆಸರು. 1999ರ ಅಕ್ಟೋಬರ್‌ನಲ್ಲಿ ಅವರ ಮಗ ಗುಂಡೇಟಿಗೆ ಬಲಿಯಾದಾಗ ಕ್ಷೇತ್ರದ ಅನುಕಂಪ ಅವರತ್ತ ಹರಿಯಿತು. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ, ಒಬಾಮ ಸದಸ್ಯರಾಗಿದ್ದ ರಾಜ್ಯ ಸೆನೆಟ್‌ನಲ್ಲಿ (ಇಲಿನಾಯ್ ಶಾಸನಸಭೆಯ ಮೇಲ್ಮನೆ) ಬಂದೂಕು ನಿಯಂತ್ರಣ ಮಸೂದೆ ಮತಕ್ಕೆ ಬಂದಾಗ ಒಬಾಮ ಹವಾಯಿಯಲ್ಲಿದ್ದರು, ಮಗಳಿಗೆ ಹುಷಾರಿರಲಿಲ್ಲ. ಟೀಕೆಗೆ ಇಷ್ಟು ಸಾಕಾಯಿತು. ಅಧ್ಯಕ್ಷ ಕ್ಲಿಂಟನ್ ಬೆಂಬಲವೂ ರಷ್‌ಗೇ.

‘ಸೋತು ಇದ್ದ ಹುದ್ದೆಯನ್ನೂ ಕಳೆದುಕೊಂಡರು’ ಎಂಬ ಇನ್ನೊಂದು ಮಾತೂ ಸುಳ್ಳು. 1998ರಲ್ಲಿ ಗೆದ್ದಿದ್ದ ರಾಜ್ಯ ಸೆನೆಟ್ ಅವಧಿ ನಾಲ್ಕು ವರ್ಷದ್ದು. ಸೋತ ಮೇಲೂ ಅದೇ ಕುರ್ಚಿಗೆ ಮರಳಿದರು.